ಬಾಣಂತನಕ್ಕೆ ಬರುವ ಅಪ್ಪ ಅಮ್ಮನಿಗೆ ಸ್ಟ್ಯಾಂಡ್‌ಬೈ ಪಾಸ್ ಆಗುತ್ತದೆಯೇ?

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿದ್ದೇವೆ. ಆಗಸ್ಟ್ ಕೊನೆಗೆ ನನ್ನ ಹೆರಿಗೆ. ಬಾಣಂತನಕ್ಕೆ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 68, ಶುಗರ್ ಇದೆ, ಇನ್ಸುಲಿನ್ ತಗೋತಾರೆ. ಅಮ್ಮನಿಗೆ 63. ಇಬ್ಬರಿಗೂ ವೀಸಾ ಆಗಿದೆ. ನಮ್ಮವರ ಸ್ನೇಹಿತರೊಬ್ಬರು ಅಮೆರಿಕದ ಒಂದು ಏರ್‌ಲೈನ್ಸ್‌ನ ಐಟಿ ವಿಭಾಗದಲ್ಲಿದ್ದಾರೆ. ತಮಗೆ ಸಿಗುವ ಗೆಸ್ಟ್ ಪಾಸ್‌ನಲ್ಲಿ ಎರಡು ಕೊಡುತ್ತೇನೆ, ದೆಹಲಿಯಿಂದ ನ್ಯೂಯಾರ್ಕ್, ಅಲ್ಲಿಂದ ಡಲ್ಲಾಸ್‌ಗೆ ಬರಬಹುದು, ದುಡ್ಡು ಎಷ್ಟೋ ಉಳಿಯುತ್ತದೆ ಅಂತಾರೆ. ಆಗಸ್ಟ್ ಎರಡನೇ ವಾರ ಕರೆಸೋಣ ಅಂತಿದ್ದೇವೆ. ಇದನ್ನು ನಂಬಿಕೊಳ್ಳಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಂಬಿಕೊಳ್ಳಬೇಡಿ. ಬಾಣಂತನಕ್ಕೆ ಬರುವವರಿಗೆ ದುಡ್ಡು ಕೊಟ್ಟು ಕನ್ಫರ್ಮ್ ಟಿಕೆಟ್ ತೆಗೆಯಿರಿ. ಸ್ನೇಹಿತರ ಪಾಸನ್ನು ಬೇಡ ಎನ್ನಬೇಡಿ, ಅದಕ್ಕೆ ಒಳ್ಳೆಯ ಉಪಯೋಗ ಇದೆ. ಆದರೆ ಅದು ಈ ಪ್ರಯಾಣಕ್ಕಲ್ಲ. ನಾನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಗೇಟ್ ಕೆಲಸ ಮಾಡಿದವನು. ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿ, ಅಂದರೆ ಸೀಟು ಖಾಲಿ ಉಳಿದರೆ ಮಾತ್ರ ಹತ್ತಬಹುದಾದವರ ಪಟ್ಟಿಯಲ್ಲಿ, ಕೊನೆಗೆ ಉಳಿದ ವಯಸ್ಸಾದ ದಂಪತಿಗೆ "ಇವತ್ತು ಆಗಲಿಲ್ಲ" ಎಂದು ಹೇಳುವುದು ಎಷ್ಟು ಕಷ್ಟ ಎಂದು ಗೊತ್ತಿರುವುದರಿಂದಲೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಮೊದಲು ಈ ಪಾಸ್ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳೋಣ. ಬಾಗಿಲು ಮುಚ್ಚಿದ ಮೇಲೆ ಖಾಲಿ ಉಳಿದ ಸೀಟಿನಿಂದ ಕಂಪನಿಗೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಆ ಸೀಟಿನಲ್ಲಿ ನೌಕರರು ಕೂತು ಹೋಗಲಿ ಎಂದು ಬಿಡುತ್ತಾರೆ. ನೌಕರರಿಗೆ, ಅವರ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ತಂದೆ ತಾಯಿಗೆ ಇದು ಪುಕ್ಕಟೆ ಅಥವಾ ತೀರಾ ಅಗ್ಗ. ಸ್ನೇಹಿತರಿಗಾಗಿ ವರ್ಷಕ್ಕೆ ಇಂತಿಷ್ಟು ಎಂದು ಬೇರೆ ಪಾಸ್ ಕೊಡುತ್ತಾರೆ. ಅದೇ ಗೆಸ್ಟ್ ಪಾಸ್. ಕೆಲವರು ಬಡ್ಡಿ ಪಾಸ್ (ಇಂಗ್ಲಿಷಿನ 'ಬಡ್ಡಿ', ಅಂದರೆ ಗೆಳೆಯ) ಅಂತಲೂ ಕರೆಯುತ್ತಾರೆ.

ಇದು ಯಾಕೆ ಕೊನೇ ಗಳಿಗೆಯ ವ್ಯವಹಾರ ಅನ್ನುವುದಕ್ಕೆ ಅಮೆರಿಕದ ತೆರಿಗೆ ಕಾನೂನಿನಲ್ಲೂ ಒಂದು ಕಾರಣ ಸಿಗುತ್ತದೆ. ಅಲ್ಲಿಯ ಇಂಟರ್ನಲ್ ರೆವೆನ್ಯೂ ಕೋಡ್‌ನ 132ನೇ ಸೆಕ್ಷನ್ ಪ್ರಕಾರ, ಕಂಪನಿಗೆ ಹೆಚ್ಚಿನ ಖರ್ಚು ಬೀಳದೆ, ಬರುವ ಆದಾಯವೂ ಕೈತಪ್ಪದೆ ನೌಕರನಿಗೆ ಕೊಟ್ಟ ಸೇವೆಗೆ ತೆರಿಗೆ ಇಲ್ಲ. ಕಂಪನಿ ನೌಕರನಿಗೆ ಪುಕ್ಕಟೆ ಸೀಟು ರಿಸರ್ವ್ ಮಾಡಿಕೊಟ್ಟರೆ, ಮಾರಬಹುದಾದ ಸೀಟು ಬಿಟ್ಟುಕೊಟ್ಟಂತಾಯಿತು, ಆಗ ಆ ವಿನಾಯಿತಿ ಸಿಗದು. ಹಾಗಾಗಿ ಮಾರಾಟವಾಗದೆ ಉಳಿದ ಸೀಟು ಯಾವುದು ಎಂದು ಕೊನೆಯವರೆಗೂ ಕಾಯಬೇಕು. ತಂದೆ ತಾಯಿಯನ್ನು ಈ ವಿನಾಯಿತಿಯೊಳಗೆ ಸೇರಿಸಿದ್ದಾರೆ, ಆದರೆ ಅದು ನೌಕರನ ಸ್ವಂತ ತಂದೆ ತಾಯಿಗೆ ಮಾತ್ರ. ನಿಮ್ಮ ಅಪ್ಪ ಅಮ್ಮ ನಿಮ್ಮ ಸ್ನೇಹಿತರ ಲೆಕ್ಕದಲ್ಲಿ ಬರೀ ಗೆಸ್ಟ್. ಆ ಒಂದು ವ್ಯತ್ಯಾಸದಿಂದ ಅವರ ಜಾಗ ಎಲ್ಲಿಗೆ ಇಳಿಯುತ್ತದೆ ನೋಡಿ.

ಗೇಟ್‌ನಲ್ಲಿ ಸೀಟು ಹಂಚುವ ಕ್ರಮ ಹೆಚ್ಚು ಕಡಿಮೆ ಎಲ್ಲ ಕಂಪನಿಗಳಲ್ಲೂ ಹೀಗಿದೆ. ದುಡ್ಡು ಕೊಟ್ಟು ಟಿಕೆಟ್ ತೆಗೆದವರು ಮೊದಲು. ಬೇರೆ ಊರಿಗೆ ಡ್ಯೂಟಿ ಮೇಲೆ ಹೋಗಲೇಬೇಕಾದ ಪೈಲಟ್, ಕ್ಯಾಬಿನ್ ಸಿಬ್ಬಂದಿಗೂ ಜಾಗ ಕೊಡಲೇಬೇಕು. 2017ರ ಏಪ್ರಿಲ್‌ನಲ್ಲಿ ಚಿಕಾಗೋದಲ್ಲಿ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನದಿಂದ ಒಬ್ಬ ಪ್ರಯಾಣಿಕರನ್ನು ಎಳೆದು ಹೊರಹಾಕಿದ ವಿಡಿಯೊ ನೀವು ನೋಡಿರಬಹುದು. ಆ ಗಲಾಟೆ ಆಗಿದ್ದೇ ನಾಲ್ವರು ಸಿಬ್ಬಂದಿಯನ್ನು ಲೂಯಿವಿಲ್‌ಗೆ ಕಳಿಸಬೇಕಾಗಿತ್ತು ಎಂಬ ಕಾರಣಕ್ಕೆ. ಆಮೇಲೆ ಬರುವವರು, ಹಿಂದಿನ ವಿಮಾನ ತಪ್ಪಿಸಿಕೊಂಡ, ದುಡ್ಡು ಕೊಟ್ಟ ಪ್ರಯಾಣಿಕರು. ಆಮೇಲೆ ಕಂಪನಿಯ ನೌಕರರು ಮತ್ತು ಅವರ ಮನೆಯವರು, ನಿವೃತ್ತರು, ನೌಕರರ ತಂದೆ ತಾಯಿ. ಗೆಸ್ಟ್ ಪಾಸಿನವರು ಎಲ್ಲರ ಹಿಂದೆ.

ನಮ್ಮ ರೈಲಿನ ವೇಟಿಂಗ್ ಲಿಸ್ಟ್ ಜೊತೆ ಹೋಲಿಸಿದರೆ ಇದು ಬೇಗ ಅರ್ಥವಾಗುತ್ತದೆ. ರೈಲಿನಲ್ಲಿ ನಿಮ್ಮದು 12 ಆಗಿದ್ದರೆ ಅದು 9 ಆಗಬಹುದು, 4 ಆಗಬಹುದು, ಮತ್ತೆ 20 ಆಗುವುದಿಲ್ಲ. ಇಲ್ಲಿ ಆಗುತ್ತದೆ. ಬೆಳಿಗ್ಗೆ ಎರಡನೇ ಸ್ಥಾನದಲ್ಲಿದ್ದವರು ಸಂಜೆ ಹದಿನಾಲ್ಕಕ್ಕೆ ಇಳಿದಿರುತ್ತಾರೆ. ಯಾಕೆಂದರೆ ತಡವಾಗಿ ಹೆಸರು ಸೇರಿಸಿದ ನೌಕರ ನಿಮ್ಮ ಹಿಂದೆ ನಿಲ್ಲುವುದಿಲ್ಲ, ಮುಂದೆ ಬಂದು ನಿಲ್ಲುತ್ತಾನೆ.

ಗೇಟ್‌ನಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಹೊರಡಲು ಇನ್ನು ಇಪ್ಪತ್ತೈದು ನಿಮಿಷ. ಮೇಲಿನ ಟಿವಿ ಪರದೆಯಲ್ಲಿ ಸ್ಟ್ಯಾಂಡ್‌ಬೈ ಪಟ್ಟಿ. ಪೂರ್ತಿ ಹೆಸರು ಇರುವುದಿಲ್ಲ, ಸರ್‌ನೇಮಿನ ಮೊದಲ ಮೂರು ಅಕ್ಷರ, ಪಕ್ಕದಲ್ಲಿ ಹೆಸರಿನ ಒಂದು ಅಕ್ಷರ. ಖಾಲಿ ಸೀಟು ಎಂಟು, ಪಟ್ಟಿಯಲ್ಲಿ ಹದಿನೈದು ಹೆಸರು. ಕೌಂಟರಿನ ಹುಡುಗಿ ಒಂದು ಕಣ್ಣು ಕಂಪ್ಯೂಟರ್ ಮೇಲೆ, ಇನ್ನೊಂದು ಕಣ್ಣು ಕಾರಿಡಾರ್ ಮೇಲೆ ಇಟ್ಟಿರುತ್ತಾಳೆ. ಬೇರೆ ವಿಮಾನದಿಂದ ಇಳಿದು ಓಡಿ ಬರಬೇಕಾದ ಆರು ಜನ ಇನ್ನೂ ಬಂದಿಲ್ಲ. ಹದಿನೈದು ನಿಮಿಷದ ಗಡಿ ದಾಟಿದ ಮೇಲೆ ಅವರ ಸೀಟು ಬಿಡಿಸಿ ಒಂದೊಂದೇ ಹೆಸರು ಕರೆಯುತ್ತಾಳೆ. ಒಂದಕ್ಕೆ ಉತ್ತರ ಬರದಿದ್ದರೆ ಮುಂದಿನ ಹೆಸರು. ಅಷ್ಟರಲ್ಲಿ ಆ ಆರರಲ್ಲಿ ಇಬ್ಬರು ಏದುಸಿರು ಬಿಡುತ್ತಾ ಬಂದರು ಅನ್ನಿ. ಸೀಟು ಕೊಟ್ಟು ಒಳಗೆ ಕೂರಿಸಿದ ಪಾಸಿನವರನ್ನೂ ಕೆಲವೊಮ್ಮೆ ಎಬ್ಬಿಸಿ ಕರೆತರಬೇಕಾಗುತ್ತದೆ. ಬೋರ್ಡಿಂಗ್ ಪಾಸ್ ಕೈಗೆ ಬಂತು ಅಂದರೆ ಮುಗಿಯಿತು ಎಂದುಕೊಳ್ಳಬೇಡಿ, ಬಾಗಿಲು ಮುಚ್ಚಿದ ಮೇಲೇ ಮುಗಿದಿದ್ದು.

ಇಬ್ಬರು ಒಟ್ಟಿಗೆ ಹೊರಟಾಗ ಇನ್ನೊಂದು ಪೇಚು. ಉಳಿದಿರುವುದು ಒಂದೇ ಸೀಟು, ಒಬ್ಬರು ಹೋಗ್ತೀರಾ ಎಂದು ಕೇಳುತ್ತಾರೆ. ಯೋಚಿಸಲು ಅರ್ಧ ನಿಮಿಷವೂ ಇರುವುದಿಲ್ಲ. ಅಪ್ಪ ಹೋಗಿ ಅಮ್ಮ ದೆಹಲಿಯಲ್ಲಿ ಉಳಿಯುವುದೇ?

ಸರಿ, ಈಗ ನಿಮ್ಮ ತಾರೀಖಿಗೆ ಬರೋಣ. ಆಗಸ್ಟ್ ಎರಡನೇ ವಾರ, ಭಾರತದಿಂದ ಅಮೆರಿಕಕ್ಕೆ. ಇದಕ್ಕಿಂತ ಕೆಟ್ಟ ವಾರ ಹುಡುಕಿದರೂ ಸಿಗುವುದು ಕಷ್ಟ. ಅಮೆರಿಕದ ಕಾಲೇಜುಗಳಲ್ಲಿ ಆಗಸ್ಟ್ ಮಧ್ಯದಿಂದ ಕೊನೆಯೊಳಗೆ ತರಗತಿ ಶುರು. ಹೊಸದಾಗಿ ಎಫ್-1 ವೀಸಾ ಪಡೆದ ವಿದ್ಯಾರ್ಥಿಗಳು ಕೋರ್ಸ್ ಶುರುವಾಗುವ 30 ದಿನಕ್ಕಿಂತ ಮುಂಚೆ ದೇಶದೊಳಗೆ ಕಾಲಿಡುವಂತಿಲ್ಲ. ಹಾಗಾಗಿ ಅವರೆಲ್ಲ ಜುಲೈ ಕೊನೆಯಿಂದ ಆಗಸ್ಟ್ ಮೂರನೇ ವಾರದೊಳಗೇ ಹಾರಬೇಕು. ರಜೆಗೆ ಊರಿಗೆ ಬಂದ ಅಮೆರಿಕದ ನಮ್ಮವರೂ ಮಕ್ಕಳ ಶಾಲೆಗಾಗಿ ಆಗಲೇ ವಾಪಸ್ ಹೊರಡುತ್ತಾರೆ. ನಿಮ್ಮ ಟೆಕ್ಸಾಸ್‌ನಲ್ಲಿ ಶಾಲೆ ಆಗಸ್ಟ್ ಮಧ್ಯಕ್ಕೇ ತೆರೆಯುತ್ತದೆ ಅಲ್ವಾ? ಅದೇ ವಾರ ಇತ್ತಿಂದ ಅತ್ತ, ಅಂದರೆ ಅಮೆರಿಕದಿಂದ ಭಾರತಕ್ಕೆ, ಸೀಟು ಎಷ್ಟೋ ಸಲೀಸು. ಸ್ಟ್ಯಾಂಡ್‌ಬೈನಲ್ಲಿ ತಿಂಗಳು ನೋಡಿದರೆ ಸಾಲದು, ಯಾವ ದಿಕ್ಕಿಗೆ ಎನ್ನುವುದನ್ನೂ ನೋಡಬೇಕು. ಡಿಸೆಂಬರ್ ಮಧ್ಯದಲ್ಲಿ ಊರಿನ ಕಡೆ ಬರುವ ವಿಮಾನ ತುಂಬಿರುತ್ತದೆ, ಜನವರಿ ಮೊದಲ ವಾರ ಅಮೆರಿಕದ ಕಡೆ ಹೋಗುವುದು ತುಂಬಿರುತ್ತದೆ.

ಬುಕಿಂಗ್ ಪುಟದ ನಕ್ಷೆಯಲ್ಲಿ ಎಷ್ಟೊಂದು ಸೀಟು ಖಾಲಿ ಕಾಣುತ್ತವಲ್ಲ ಎಂದು ಕೇಳಬಹುದು. ಆ ನಕ್ಷೆಯನ್ನು ನಂಬಬೇಡಿ. ಟಿಕೆಟ್ ತೆಗೆದು ಇನ್ನೂ ಸೀಟು ಆರಿಸದವರು ಅದರಲ್ಲಿ ಕಾಣುವುದಿಲ್ಲ. ನಿಜವಾದ ಲೆಕ್ಕ ನೌಕರರ ಸಿಸ್ಟಮ್‌ನಲ್ಲಿ ಮಾತ್ರ ಇರುತ್ತದೆ. ಇನ್ನೊಂದು ವಿಷಯ, ನಿಜವಾಗಿ ಸೀಟು ಖಾಲಿ ಇದ್ದರೂ ಕೂರಿಸದೇ ಇರಬಹುದು. ದೆಹಲಿಯಿಂದ ನ್ಯೂಯಾರ್ಕ್ ನೇರ ಗೆರೆಯಲ್ಲೇ 11,700 ಕಿಲೋಮೀಟರ್ ಚಿಲ್ಲರೆ. 2022ರಿಂದ ಅಮೆರಿಕದ ವಿಮಾನಗಳು ರಷ್ಯಾ ಮೇಲೆ ಹಾರುವಂತಿಲ್ಲ, ಸುತ್ತು ಹಾಕಿ ಬರಬೇಕು. ಸುತ್ತು ಜಾಸ್ತಿ ಆದಷ್ಟೂ ಇಂಧನ ಜಾಸ್ತಿ, ಇಂಧನ ಜಾಸ್ತಿ ಆದರೆ ಬೇರೆ ತೂಕ ಇಳಿಸಬೇಕು. ಬಿಸಿಲು ಜಾಸ್ತಿ ಇದ್ದರೂ ಹಾಗೇ, ಬಿಸಿ ಗಾಳಿಯಲ್ಲಿ ವಿಮಾನ ಮೇಲೇಳುವುದು ಕಷ್ಟ. ಆಗ ಮೊದಲು ಉಳಿಯುವುದು ಸ್ಟ್ಯಾಂಡ್‌ಬೈನವರು.

ಆಯಿತು, ಧೈರ್ಯ ಮಾಡಿ ಹೊರಟರು ಅಂದುಕೊಳ್ಳಿ. ಬೆಂಗಳೂರಿಗೆ ಅಮೆರಿಕದ ಯಾವ ಕಂಪನಿಯ ವಿಮಾನವೂ ಬರುವುದಿಲ್ಲ. ಗೆಸ್ಟ್ ಪಾಸ್ ಸಾಮಾನ್ಯವಾಗಿ ಆ ಕಂಪನಿಯ ವಿಮಾನಗಳಿಗಷ್ಟೇ ನಡೆಯುತ್ತದೆ. ಹಾಗಾಗಿ ಶಿವಮೊಗ್ಗದಿಂದ ಬೆಂಗಳೂರು, ಬೆಂಗಳೂರಿನಿಂದ ದೆಹಲಿ, ಇವೆರಡೂ ಬೇರೆ ಖರ್ಚು. ದೆಹಲಿಯಲ್ಲಿ ಅಮೆರಿಕದ ಹಾಗೆ ಗೇಟ್ ಮುಂದೆ ಕೂತು ಕಾಯುವಂತಿಲ್ಲ. ಬೋರ್ಡಿಂಗ್ ಪಾಸ್ ಇಲ್ಲದೆ ಇಮಿಗ್ರೇಷನ್ ದಾಟಲಾಗದು. ಚೆಕ್-ಇನ್ ಕೌಂಟರ್ ಹತ್ತಿರವೇ, ಸೂಟ್‌ಕೇಸ್‌ಗಳ ಪಕ್ಕದಲ್ಲಿ, ಕೌಂಟರ್ ಮುಚ್ಚುವವರೆಗೆ ನಿಲ್ಲಬೇಕು. ಸಿಕ್ಕಿದರೆ, ಉಳಿದಿರುವ ಸುಮಾರು ಒಂದು ಗಂಟೆಯಲ್ಲಿ ಇಮಿಗ್ರೇಷನ್, ಸೆಕ್ಯುರಿಟಿ ಎಲ್ಲ ಮುಗಿಸಿ ಅಷ್ಟುದ್ದ ಟರ್ಮಿನಲ್ ನಡೆದು ಗೇಟ್ ಮುಟ್ಟಬೇಕು. ಸಿಗದಿದ್ದರೆ ರಾತ್ರಿ ಹನ್ನೊಂದೂವರೆಗೆ, ನಾಲ್ಕು ಸೂಟ್‌ಕೇಸ್ ಹಿಡಿದು, ದೆಹಲಿಯಲ್ಲಿ ಹೋಟೆಲ್ ಹುಡುಕಬೇಕು. ಈ ಕಂಪನಿಗಳದ್ದು ದೆಹಲಿಯಿಂದ ದಿನಕ್ಕೆ ಒಂದೇ ವಿಮಾನ. ಮತ್ತೆ ನಾಳೆ ರಾತ್ರಿಯೇ. ನಿನ್ನೆ ಉಳಿದವರು ಎಂಬ ಕಾರಣಕ್ಕೆ ಗೆಸ್ಟ್ ಪಾಸಿನವರು ನೌಕರರಿಗಿಂತ ಮುಂದೆ ಹೋಗುವುದಿಲ್ಲ. ಊಟದ ಹೊತ್ತು ನೋಡಿ ಇನ್ಸುಲಿನ್ ತಗೊಳ್ಳುವ ಮನುಷ್ಯನನ್ನು ಹೀಗೆ ಎರಡು ಮೂರು ರಾತ್ರಿ ನಿಲ್ಲಿಸುವುದು ಬೇಡವೇ ಬೇಡ. ಇಷ್ಟೆಲ್ಲ ದಾಟಿ ನ್ಯೂಯಾರ್ಕ್‌ನಲ್ಲಿ ಇಳಿದರೆ, ಅಲ್ಲಿಂದ ಡಲ್ಲಾಸ್‌ಗೆ ಇನ್ನೊಂದು ಸ್ಟ್ಯಾಂಡ್‌ಬೈ.

ಯುರೋಪ್ ಮೇಲೆ ಬಂದರೆ ದಾರಿ ಜಾಸ್ತಿ ಸಿಗುತ್ತದೆ ಅಂತ ಯಾರಾದರೂ ಸಲಹೆ ಕೊಟ್ಟಾರು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅದು ಇನ್ನೂ ತೊಂದರೆ. ಫ್ರಾಂಕ್‌ಫರ್ಟ್‌ನಲ್ಲಿ ಸೀಟು ಸಿಗಲಿಲ್ಲ ಎಂದರೆ ಶೆಂಗೆನ್ ವೀಸಾ ಇಲ್ಲದೆ ಊರೊಳಗಿನ ಹೋಟೆಲಿಗೆ ಹೋಗಲಾಗದು, ಟ್ರಾನ್ಸಿಟ್ ಜಾಗದ ಕುರ್ಚಿಯಲ್ಲೇ ರಾತ್ರಿ ಕಳೆಯಬೇಕು. ಬ್ರಿಟನ್‌ನಲ್ಲಿ ವೀಸಾ ಇಲ್ಲದೆ ಟ್ರಾನ್ಸಿಟ್ ಆಗುವ ಸೌಲಭ್ಯಕ್ಕೆ ಮುಂದಿನ ಕನ್ಫರ್ಮ್ ಟಿಕೆಟ್ ತೋರಿಸಬೇಕು. ಅದೇ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಪರಿಹಾರದ ಆಸೆಯೂ ಇಟ್ಟುಕೊಳ್ಳುವಂತಿಲ್ಲ. ಜಾಸ್ತಿ ಟಿಕೆಟ್ ಮಾರಿ ಪ್ರಯಾಣಿಕರನ್ನು ಬಿಟ್ಟು ಹೋದರೆ ದುಡ್ಡು ಕೊಡಬೇಕು ಎಂಬ ಅಮೆರಿಕದ ನಿಯಮ ಕನ್ಫರ್ಮ್ ಸೀಟು ಇದ್ದವರಿಗೆ ಮಾತ್ರ. ಯುರೋಪಿನ 261ನೇ ನಿಯಮವೂ ಪುಕ್ಕಟೆಯಾಗಿ ಅಥವಾ ಸಾರ್ವಜನಿಕರಿಗೆ ಸಿಗದ ರಿಯಾಯಿತಿಯಲ್ಲಿ ಹೋಗುವವರನ್ನು ಹೊರಗಿಟ್ಟಿದೆ. ಹೋಟೆಲ್, ಊಟ ಎಲ್ಲ ನಿಮ್ಮದೇ.

ದುಡ್ಡು ಉಳಿಯುತ್ತದೆ ಎನ್ನುವುದನ್ನೂ ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಗೆಸ್ಟ್ ಪಾಸ್ ಪುಕ್ಕಟೆ ಅಲ್ಲ. ದೂರದ ಲೆಕ್ಕದಲ್ಲಿ ಒಂದು ಚಾರ್ಜು, ಮೇಲೆ ತೆರಿಗೆಗಳು. ಅದಕ್ಕೆ ದೆಹಲಿವರೆಗಿನ ಟಿಕೆಟ್, ದೆಹಲಿಯ ಹೋಟೆಲ್ ಸೇರಿಸಿ. ಕೊನೆಗೆ ಸಾಕಪ್ಪಾ ಎಂದು ಕನ್ಫರ್ಮ್ ಟಿಕೆಟ್ ತೆಗೆಯಲು ಹೋದರೆ ಮರುದಿನದ ಟಿಕೆಟ್ ಬೆಲೆ ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು. ಈಗಲೇ ತೆಗೆದರೆ ಬೆಂಗಳೂರಿನಿಂದ ದುಬೈ, ದೋಹಾ, ಲಂಡನ್ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಒಂದೇ ಒಂದು ಸಲ ವಿಮಾನ ಬದಲಿಸಿ ಡಲ್ಲಾಸ್‌ಗೆ ಬರಬಹುದು. ಸೂಟ್‌ಕೇಸ್ ಬೆಂಗಳೂರಿನಲ್ಲಿ ಕೊಟ್ಟರೆ ಡಲ್ಲಾಸ್‌ನಲ್ಲಿ ಕೈಗೆ. ಬುಕ್ ಮಾಡುವಾಗಲೇ ಇಬ್ಬರಿಗೂ ವೀಲ್‌ಚೇರ್ ಕೇಳಿಬಿಡಿ. ನಡೆಯಲು ಆಗುತ್ತದೆ ಎಂದರೂ ಕೇಳಿ, ದೊಡ್ಡ ನಿಲ್ದಾಣಗಳಲ್ಲಿ ದಾರಿ ತೋರಿಸಲು ಜೊತೆಗೆ ಒಬ್ಬರು ಇರುತ್ತಾರೆ. ಹೆರಿಗೆ ಎರಡು ವಾರ ಮುಂಚೆ ಆಗಿಬಿಡಬಹುದು, ಹಾಗಾಗಿ ಸಾಧ್ಯವಾದರೆ ಎರಡನೇ ವಾರದ ಬದಲು ಜುಲೈ ಮಧ್ಯಕ್ಕೇ ಕರೆಸಿಕೊಳ್ಳಿ.

ನಿಮ್ಮ ಸ್ನೇಹಿತರ ಬಗ್ಗೆಯೂ ಎರಡು ಮಾತು ಹೇಳಬೇಕು. ಪಾಸ್ ಕೊಟ್ಟವರು ತಮ್ಮ ಹೆಸರನ್ನೇ ಒತ್ತೆ ಇಟ್ಟಿರುತ್ತಾರೆ. ಗೆಸ್ಟ್ ಗೇಟ್‌ನಲ್ಲಿ ಜಗಳ ಮಾಡಿದರೆ, ಕಸ್ಟಮರ್ ಕೇರ್‌ಗೆ ದೂರು ಕೊಟ್ಟರೆ, ಕಂಪನಿ ಕೇಳುವುದು ನೌಕರನನ್ನು. ಅವರ ಪಾಸ್ ಸೌಲಭ್ಯ ನಿಲ್ಲಬಹುದು, ಕೆಲಸಕ್ಕೂ ಕುತ್ತು ಬರಬಹುದು. ಪಾಸ್ ಮಾರುವುದು ದೊಡ್ಡ ತಪ್ಪು. ಕಂಪನಿಯ ಚಾರ್ಜು ಎಷ್ಟೋ ಅಷ್ಟನ್ನು ಕೊಡಿ, ಅದಕ್ಕಿಂತ ಒಂದು ಡಾಲರ್ ಮೇಲೆ ಕೊಡಬೇಡಿ, ಅವರು ಕೇಳುವುದೂ ಇಲ್ಲ. ಆಫೀಸ್ ಕೆಲಸದ ಪ್ರಯಾಣಕ್ಕೆ ಬಳಸಬೇಡಿ. ಬಟ್ಟೆಯ ನಿಯಮ ಬೇರೆ ಇದೆ. 2017ರ ಮಾರ್ಚ್‌ನಲ್ಲಿ ಡೆನ್ವರ್‌ನಲ್ಲಿ ಲೆಗ್ಗಿಂಗ್ಸ್ ಹಾಕಿದ್ದ ಇಬ್ಬರು ಹುಡುಗಿಯರನ್ನು ಯುನೈಟೆಡ್ ಹತ್ತಿಸಿಕೊಳ್ಳಲಿಲ್ಲ ಎಂದು ದೊಡ್ಡ ಸುದ್ದಿಯಾಯಿತು. ಅವರು ನೌಕರರ ಪಾಸಿನ ಪ್ರಯಾಣಿಕರು. ಈಗ ನಿಯಮಗಳು ಸಾಕಷ್ಟು ಸಡಿಲ ಆಗಿವೆ. ಸೀರೆ, ಚೂಡಿದಾರ್, ಇಸ್ತ್ರಿ ಮಾಡಿದ ಪ್ಯಾಂಟು ಶರ್ಟಿಗೆ ಯಾರೂ ಏನೂ ಅನ್ನುವುದಿಲ್ಲ. ರಬ್ಬರ್ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡರೆ ಸಾಕು.

ಹಾಗಾದರೆ ಆ ಎರಡು ಪಾಸ್ ಎಲ್ಲಿ ಬಳಸಬೇಕು? ಅಮೆರಿಕದ ಒಳಗೆ, ಡಲ್ಲಾಸ್‌ನಿಂದ. ಡಲ್ಲಾಸ್-ಫೋರ್ಟ್ ವರ್ತ್ ದೊಡ್ಡ ನಿಲ್ದಾಣ. ಸ್ನೇಹಿತರ ಕಂಪನಿಗೆ ಅಲ್ಲಿಂದ ದಿನಕ್ಕೆ ಹಲವು ವಿಮಾನ ಇರುವ ಊರು ಆರಿಸಿ. ಮಗು ಸ್ವಲ್ಪ ದೊಡ್ಡದಾದ ಮೇಲೆ, ಅಕ್ಟೋಬರ್‌ನಲ್ಲಿ, ಅಪ್ಪ ಅಮ್ಮ ಬೇ ಏರಿಯಾದಲ್ಲಿರುವ ನೆಂಟರ ಮನೆಗೋ ಚಿಕಾಗೋಗೋ ನಾಲ್ಕು ದಿನ ಹೋಗಿ ಬರಲಿ. ಒಂದು ವಿಮಾನ ತಪ್ಪಿದರೆ ಎರಡು ಗಂಟೆ ಬಿಟ್ಟು ಇನ್ನೊಂದು. ಅದೂ ತಪ್ಪಿದರೆ ನೀವು ಹೋಗಿ ಮನೆಗೆ ಕರೆದುಕೊಂಡು ಬರಬಹುದು. ಒಂದು ದಿನ ಹೋದರೂ ಯಾರಿಗೂ ನಷ್ಟ ಇಲ್ಲ, ಇಂಥ ಪ್ರಯಾಣಕ್ಕೇ ಈ ಪಾಸ್ ಇರುವುದು. ಆದರೆ ನಯಾಗರಾ ನೋಡಲು ಬಫಲೊಗೆ ಅಂತ ಹೊರಡಬೇಡಿ. ಅಲ್ಲಿಗೆ ವಿಮಾನ ಕಡಿಮೆ, ಹೋಗುವುದಾದರೂ ಆದೀತು, ವಾಪಸ್ ಬರುವುದು ಕಷ್ಟ.

ಮಂಗಳವಾರ, ಬುಧವಾರ, ಶನಿವಾರ ಒಳ್ಳೆಯದು. ಶುಕ್ರವಾರ ಸಂಜೆ, ಭಾನುವಾರ ಸಂಜೆ, ಸೋಮವಾರ ಬೆಳಿಗ್ಗೆ ಬೇಡ. ದಿನದ ಮೊದಲ ವಿಮಾನಕ್ಕೇ ಹೆಸರು ಹಾಕಿಸಿ. ಆ ವಿಮಾನ ಸಾಮಾನ್ಯವಾಗಿ ರಾತ್ರಿಯೇ ಬಂದು ನಿಂತಿರುತ್ತದೆ, ತಡವಾಗುವುದು ಕಡಿಮೆ, ತಪ್ಪಿದರೂ ಇಡೀ ದಿನ ಮುಂದೆ ಇರುತ್ತದೆ. ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಆಸುಪಾಸು, ಕ್ರಿಸ್‌ಮಸ್ ಆಸುಪಾಸು ಮರೆತುಬಿಡಿ. ಕೆಲವು ಕಂಪನಿಗಳು ಆ ದಿನಗಳಲ್ಲಿ ಗೆಸ್ಟ್ ಪಾಸನ್ನೇ ಬಿಡುವುದಿಲ್ಲ. ಬಿರುಗಾಳಿ, ಹಿಮ ಎಂದು ವಿಮಾನಗಳು ರದ್ದಾದ ದಿನವೂ ಹೊರಡಬೇಡಿ, ಅದರ ಮರುದಿನವೂ ಬೇಡ. ಉಳಿದುಹೋದ, ದುಡ್ಡು ಕೊಟ್ಟ ಜನರೇ ಇರುವ ಸೀಟೆಲ್ಲ ತುಂಬಿಕೊಳ್ಳುತ್ತಾರೆ.

ಹಿಂದಿನ ದಿನ ಸಂಜೆ ಒಮ್ಮೆ, ಹೊರಡುವ ದಿನ ಬೆಳಿಗ್ಗೆ ಒಮ್ಮೆ ಸ್ನೇಹಿತರನ್ನು ಕೇಳಿ. ಸೀಟು ಎಷ್ಟು ಖಾಲಿ, ಪಟ್ಟಿಯಲ್ಲಿ ಎಷ್ಟು ಜನ, ಅವರಲ್ಲಿ ನಮ್ಮ ಮುಂದೆ ಎಷ್ಟು? ಈ ಮೂರೂ ಬೇಕು. "ಸೀಟಿದೆ ಬನ್ನಿ" ಅನ್ನುವ ಉತ್ತರ ಸಾಲದು. ಚೆಕ್-ಇನ್ ತೆರೆಯುತ್ತಿದ್ದಂತೆ, ಅಂದರೆ 24 ಗಂಟೆ ಮುಂಚೆಯೇ ಮಾಡಿಬಿಡಿ. ಕೆಲವು ಕಂಪನಿಗಳಲ್ಲಿ ಒಂದೇ ದರ್ಜೆಯವರ ನಡುವೆ ಚೆಕ್-ಇನ್ ಮಾಡಿದ ಹೊತ್ತೇ ಲೆಕ್ಕ, ಇನ್ನು ಕೆಲವಲ್ಲಿ ನೌಕರನ ಸೇವಾ ಹಿರಿತನ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಹಾಕಿಸಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮೇ ಇರುವುದಿಲ್ಲ, ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ನಿಮ್ಮ ಅಪ್ಪನದೂ ಹಾಗಿದ್ದರೆ ಸ್ನೇಹಿತರಿಗೆ ಮೊದಲೇ ಹೇಳಿ. ಪರದೆ ಮೇಲೆ ತಮ್ಮ ಹೆಸರು ಹೇಗೆ ಕಾಣುತ್ತದೆ ಎಂದು ಅಪ್ಪನಿಗೂ ಬರೆದುಕೊಡಿ, ಇಲ್ಲದಿದ್ದರೆ ಕರೆದಾಗ ತಿಳಿಯದೇ ಹೋಗುತ್ತದೆ. ಸೂಟ್‌ಕೇಸ್ ಬೇಡ, ಕ್ಯಾಬಿನ್ ಬ್ಯಾಗ್ ಸಾಕು. ಇನ್ಸುಲಿನ್, ಮಾತ್ರೆ, ಫೋನ್ ಚಾರ್ಜರ್, ತಿನ್ನಲು ಏನಾದರೂ ಅದರಲ್ಲೇ ಇರಲಿ. ವಾಪಸ್ ಬರಲು ನಿಮ್ಮ ಹತ್ತಿರ ಏರ್‌ಲೈನ್ ಮೈಲ್ಸ್ ಇದ್ದರೆ ಅದರಲ್ಲಿ ಒಂದು ಕನ್ಫರ್ಮ್ ಟಿಕೆಟ್ ತೆಗೆದಿಟ್ಟುಕೊಳ್ಳಿ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ರದ್ದು ಮಾಡಿದರೆ ಮೈಲ್ಸ್ ವಾಪಸ್ ಬರುತ್ತದೆ, ಆದರೂ ಷರತ್ತು ಓದಿಯೇ ತೆಗೆಯಿರಿ.

ಊರಿಗೆ ವಾಪಸ್ ಕಳಿಸಲು ಪಾಸ್ ಆಗಬಹುದಾ ಎಂದು ನೀವು ಕೇಳಿಲ್ಲ, ಆದರೆ ಆ ಯೋಚನೆ ಬಂದೇ ಬರುತ್ತದೆ. ಜನವರಿಯಲ್ಲಿ ಭಾರತದ ಕಡೆ ಸೀಟು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೂ ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆದರೆ, ಒಂದು ಕಡೆಯ ಟಿಕೆಟ್‌ಗಿಂತ ಎಷ್ಟೋ ಸಲ ಸ್ವಲ್ಪವೇ ಜಾಸ್ತಿ. ಆ ಸ್ವಲ್ಪಕ್ಕಾಗಿ ಮತ್ತೆ ದೆಹಲಿ ಸುತ್ತಬೇಡಿ. ಅವರು ಬಂದ ದಿನವೇ ಐ-94 ಅನ್ನು, ಅಂದರೆ ಅಮೆರಿಕದೊಳಗೆ ಬಂದದ್ದರ ಸರ್ಕಾರಿ ದಾಖಲೆಯನ್ನು, ವೆಬ್‌ಸೈಟ್‌ನಿಂದ ತೆಗೆದು ಎಲ್ಲಿಯವರೆಗೆ ಇರಬಹುದು ಎಂಬ ತಾರೀಖು ನೋಡಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ವೀಸಾ ಹತ್ತು ವರ್ಷದ್ದು ಇದ್ದರೂ ನಡೆಯುವುದು ಆ ತಾರೀಖೇ. ವಾಪಸ್ ಟಿಕೆಟ್ ಅದಕ್ಕಿಂತ ಎರಡು ವಾರವಾದರೂ ಮುಂಚೆ ಇರಲಿ.